ನೂರ ಎಂಬತ್ತೆರಡನೆಯ ದಿನ

ಮಂಗಳೂರಿನ ಪಡೀಲಿನ ಸಿದ್ದೀಕ್ ತನ್ನ ಐವತ್ತನೆಯ ವಯಸ್ಸಿನಲ್ಲಿ, ೨೦೨೪ರ ಏಪ್ರಿಲ್ ಹದಿನಾಲ್ಕರಂದು, ದುಬೈಯ ಕೆಲಸ ಬಿಟ್ಟು ಏಳು ರಟ್ಟಿನ ಪೆಟ್ಟಿಗೆಗಳೊಂದಿಗೆ ಮನೆಗೆ ಬಂದ. ಇನ್ನು ದುಡಿಯುವುದಿಲ್ಲ ಎಂದು ತೀರ್ಮಾನ ಮಾಡಿಕೊಂಡೇ ಬಂದಿದ್ದ. ಇಪ್ಪತ್ತಾರು ವರ್ಷ ಅಲ್ಲಿನ ದೇರಾ ಪೇಟೆಯ ಒಂದು ಟೈಲ್ಸ್ ಕಂಪೆನಿಯ ಗೋದಾಮಿಗಾಗಿ ಬೆಳಿಗ್ಗೆ ಐದಕ್ಕೆ ಎದ್ದವನು ಅವನು. ಮೊದಲು ಪೆಟ್ಟಿಗೆಗಳನ್ನು ಎಣಿಸುತ್ತಿದ್ದ. ಕೊನೆಕೊನೆಗೆ ಮ್ಯಾನೇಜರನಾಗಿ, ಪೆಟ್ಟಿಗೆ ಎಣಿಸುವವರನ್ನು ಎಣಿಸುತ್ತಿದ್ದ. ಐವತ್ತು ತುಂಬಿದ ದಿನ ನಿಲ್ಲಿಸುತ್ತೇನೆ ಎಂದು ಹತ್ತು ವರ್ಷದಿಂದ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಯಾರೂ ನಂಬಿರಲಿಲ್ಲ. ಐವತ್ತು ತುಂಬಿತು, ಅವನು ನಿಲ್ಲಿಸಿದ.

ಧೈರ್ಯ ಬಂದದ್ದು ಉಳಿತಾಯದಿಂದ. ಬಡ್ಡಿಯ ಹಣ ಮನೆಗೆ ಬರಬಾರದು ಎಂದು ಅವನ ಉಮ್ಮ ಅಲೀಮಮ್ಮ ಮೊದಲ ಸಂಬಳದ ದಿನವೇ ಹೇಳಿದ್ದರಿಂದ ಅವನು ಬ್ಯಾಂಕಿನಲ್ಲಿ ಠೇವಣಿ ಇಡಲಿಲ್ಲ. ಬಡ್ಡಿ ವ್ಯವಹಾರದ ಕಂಪೆನಿಗಳನ್ನು ದೂರ ಇಟ್ಟ ಒಂದು ಮ್ಯೂಚುವಲ್ ಫಂಡನ್ನು ಹುಡುಕಿ, ಹದಿನೈದು ವರ್ಷ ತಿಂಗಳು ತಪ್ಪದೆ ಅದಕ್ಕೇ ಕಟ್ಟಿದ. ಈಗ ಅದು ಅವನು ಕಟ್ಟಿದ್ದರ ಎರಡೂವರೆ ಪಟ್ಟಿಗಿಂತ ಹೆಚ್ಚಾಗಿ ಬೆಳೆದಿತ್ತು. ಇನ್ನು ಅದರಿಂದ ಸ್ವಲ್ಪ ಸ್ವಲ್ಪ ತೆಗೆದು ತಿನ್ನುವುದು, ಬೆಳಿಗ್ಗೆ ಏಳರ ನಂತರ ಏಳುವುದು. ಅವನ ಯೋಜನೆ ಇಷ್ಟೇ.

ಮನೆಯಲ್ಲಿ ಎಪ್ಪತ್ನಾಲ್ಕರ ಉಮ್ಮ, ಹೆಂಡತಿ ನಜ್ಲಾ, ಅತ್ತಾವರದ ಕಾಲೇಜಿನಲ್ಲಿ ಫಿಸಿಯೋಥೆರಪಿ ಓದುವ ಮಗಳು ಶೈಮಾ. ಇಪ್ಪತ್ತೆರಡು ವರ್ಷ ಮನೆಯ ಖರ್ಚನ್ನೆಲ್ಲ ನಜ್ಲಾಳೇ ನೋಡಿಕೊಂಡಿದ್ದಳು. ಆದರೆ ಫಂಡಿನ ವಿಷಯ ಅವನದು ಎಂದು ಇಬ್ಬರೂ ಭಾವಿಸಿದ್ದರಿಂದ, ಬಂದ ನಾಲ್ಕನೇ ದಿನ ಸಿದ್ದೀಕ್ ಒಬ್ಬನೇ ಮಣ್ಣಗುಡ್ಡಕ್ಕೆ ಹೋದ. ಅಲ್ಲಿ ಯಜ್ಞನಾರಾಯಣ ಎಂಬ ಲೆಕ್ಕಪರಿಶೋಧಕರ ಕಚೇರಿ ಇತ್ತು. ಅವರು ಅರ್ಚಕರ ಮನೆತನದವರು. ಅಣ್ಣ ದೇವಸ್ಥಾನದಲ್ಲಿ ಮುಹೂರ್ತ ಇಟ್ಟುಕೊಡುತ್ತಿದ್ದರು, ತಮ್ಮ ಇಲ್ಲಿ ತೆರಿಗೆ ಕಟ್ಟುವ ತಾರೀಖು ಹೇಳುತ್ತಿದ್ದರು. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುತ್ತಾರೆ, ಕೇಳದ್ದಕ್ಕೆ ಬಾಯಿ ಬಿಡುವುದಿಲ್ಲ ಎಂದು ಊರಲ್ಲಿ ಅವರಿಗೆ ಹೆಸರಿತ್ತು.

ಸಿದ್ದೀಕ್ ತನ್ನ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿದ್ದ. ಓದಿದ.

"ಒಂದು ಪೈಸೆ ಟ್ಯಾಕ್ಸ್ ಇಲ್ಲದೆ ಫಂಡಿಂದ ವರ್ಷಕ್ಕೆ ಹೆಚ್ಚೆಂದ್ರೆ ಎಷ್ಟು ತೆಗೀಬಹುದು ಸರ್?"

ಯಜ್ಞನಾರಾಯಣರು ಪಾಸ್‌ಪೋರ್ಟ್ ಕೇಳಿ ತೆಗೆದುಕೊಂಡು, ಅದರ ಮೊಹರುಗಳನ್ನು ಒಂದೊಂದಾಗಿ ಕನ್ನಡಕದ ಕೆಳಗೆ ಹಿಡಿದು ನೋಡಿದರು. "ಎಂದು ಬಂದದ್ದು?"

"ಹದಿನಾಲ್ಕಕ್ಕೆ. ಪರ್ಮನೆಂಟ್ ಬಂದೆ ಸರ್."

"ಹಾಗೆ ಹೇಳ್ಬೇಡಿ," ಎಂದು ಅವರು ಬಾಗಿಲ ಕಡೆ ನೋಡಿದರು. "ನೀವು ಬಂದದ್ದಲ್ಲ. ಭೇಟಿಗೆ ಬಂದದ್ದು."

"ನನ್ನ ಮನೆಗೆ?"

"ನಿಮ್ಮ ಮನೆಗೇ. ನೋಡಿ, ನೀವು ಊರಲ್ಲಿ ವಾಸ ಇರುವವರಾದ್ರೆ ಫಂಡಿನ ಲಾಭದಲ್ಲಿ ಒಂದು ಲಕ್ಷ ಬಿಟ್ಟು ಉಳಿದದ್ದಕ್ಕೆ ನೂರಕ್ಕೆ ಹತ್ತು ಕೊಡ್ಬೇಕು. ದುಬೈಯಲ್ಲಿ ವಾಸ ಇರುವವರಾದ್ರೆ ಎರಡು ದೇಶದ ಮಧ್ಯೆ ಒಂದು ಒಪ್ಪಂದ ಉಂಟು. ಆ ಲಾಭಕ್ಕೆ ತೆರಿಗೆ ಹಾಕುವ ಹಕ್ಕು ಅವರದ್ದು. ಅವರಲ್ಲಿ ಆ ತೆರಿಗೆಯೇ ಇಲ್ಲ."

"ಅಂದ್ರೆ?"

"ಸೊನ್ನೆ."

ಗೋದಾಮಿನಲ್ಲಿ ಒಡೆದ ಟೈಲ್ಸಿನ ಲೆಕ್ಕ ಸೊನ್ನೆಗೆ ಬಂದ ತಿಂಗಳು ಮಾಲೀಕರು ಸಿದ್ದೀಕ್‌ನ ಬೆನ್ನು ತಟ್ಟುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಹಾಗಾದದ್ದು ಎರಡೇ ಸಲ. ಆ ಶಬ್ದ ಕೇಳಿದ ಮೇಲೆ ಅವನಿಗೆ ಬೇರೇನೂ ಬೇಡವೆನಿಸಿತು.

ಯಜ್ಞನಾರಾಯಣರು ಷರತ್ತುಗಳನ್ನು ಹೇಳಿದರು. ಏಪ್ರಿಲಿನಿಂದ ಮಾರ್ಚಿನವರೆಗೆ ಊರಿನಲ್ಲಿ ನೂರ ಎಂಬತ್ತೊಂದು ದಿನ ಮಾತ್ರ ಇರಬಹುದು. ನೂರ ಎಂಬತ್ತೆರಡಾದರೆ ಅವನು ಇಲ್ಲಿಯವನು. ವಿಮಾನ ಇಳಿದ ದಿನವನ್ನೂ ಹತ್ತಿದ ದಿನವನ್ನೂ ಊರಿನ ಲೆಕ್ಕಕ್ಕೇ ಹಿಡಿಯಬೇಕು. ದುಬೈಯಲ್ಲಿ ವೀಸಾ ಇರಬೇಕು, ಕೆಲಸವೋ ವ್ಯಾಪಾರವೋ ಒಂದು ಇರಬೇಕು. ಲಾಭ ಹದಿನೈದು ಲಕ್ಷ ದಾಟಿದರೆ ನಿಯಮ ಬೇರೆ, ಆದ್ದರಿಂದ ವರ್ಷಕ್ಕೆ ಹದಿನಾಲ್ಕು ಲಕ್ಷದ ಲಾಭದಲ್ಲಿ ನಿಲ್ಲಿಸಬೇಕು. ಹೀಗೆ ಆರೇಳು ವರ್ಷ ಮಾಡಿದರೆ ಎಲ್ಲವೂ ತೆರಿಗೆಯಿಲ್ಲದೆ ಹೊರಗೆ ಬರುತ್ತದೆ.

"ಸುಳ್ಳು ಹೇಳ್ಲಿಕ್ಕಿಲ್ಲ ಮತ್ತೆ," ಎಂದರು. "ನಿಜವಾಗಿ ಅಲ್ಲೇ ಇರ್ಬೇಕು."

"ನಾನು ರಿಟೈರ್ ಆದದ್ದಲ್ವಾ ಸರ್?"

"ಆಗಿ ಮಾರಾಯ್ರೆ, ಬೇಡ ಅಂತ ಯಾರು ಹೇಳಿದ್ದು? ಅಲ್ಲಿ ರಿಟೈರ್ ಆಗಿರಿ."

ಹೀಗೆ ಸಿದ್ದೀಕ್ ತನ್ನ ಮನೆಯಲ್ಲಿ ಭೇಟಿಗೆ ಬಂದವನಾದ. ಅವನು ಯಾವ ಕೆಲಸವನ್ನೂ ಅರ್ಧ ಮನಸ್ಸಿನಿಂದ ಮಾಡುವವನಲ್ಲ. ಸೂಟ್‌ಕೇಸನ್ನು ಬಿಚ್ಚದೆ ಹಾಲಿನ ಬಾಗಿಲ ಬಳಿ ಇಟ್ಟ. ಒಗೆದ ಅಂಗಿಗಳು ಕಪಾಟಿಗೆ ಹೋಗದೆ ಮತ್ತೆ ಅದರೊಳಗೇ ಹೋದವು. ಕೊಳ್ಳಬೇಕೆಂದಿದ್ದ ಸ್ಕೂಟರ್ ಬೇಡ ಎಂದ. ಪಕ್ಕದ ಮನೆಯ ಮ್ಯಾಕ್ಸಿಮ್‌ಗೆ ಒಂದು ಇನ್ನೋವಾ ಟ್ಯಾಕ್ಸಿ ಇತ್ತು. ಅವನು ಬಂದು, ಬೀದಿಯ ಚರಂಡಿಯ ಬಗ್ಗೆ ಪಾಲಿಕೆಗೆ ಕೊಡುವ ಅರ್ಜಿಗೆ ಸಹಿ ಕೇಳಿದ.

"ನಾನು ಹಾಕುವ ಹಾಗಿಲ್ಲ," ಎಂದ ಸಿದ್ದೀಕ್. "ಅದರಲ್ಲಿ 'ನಾವು ಇಲ್ಲಿಯ ನಿವಾಸಿಗಳು' ಅಂತ ಉಂಟು. ನಾನು ಭೇಟಿಗೆ ಬಂದವ."

"ನಿನ್ನೆ ಮಾಡಿನ ಹಂಚು ಸರಿ ಮಾಡ್ಲಿಕ್ಕೆ ಅಂತ ನನ್ನ ಏಣಿ ತಕ್ಕೊಂಡು ಹೋದದ್ದು ಯಾರು ಸಿದ್ದೀಕ್ ಭಾಯ್?"

"ಭೇಟಿಗೆ ಬಂದವ ಏಣಿ ಹತ್ತಬಾರದು ಅಂತ ಉಂಟಾ?"

ಮ್ಯಾಕ್ಸಿಮ್ ಸ್ವಲ್ಪ ಯೋಚಿಸಿ, ಹಾಗೇನೂ ಇಲ್ಲ ಎಂದು ಒಪ್ಪಿ, ನಜ್ಲಾಳ ಸಹಿ ಹಾಕಿಸಿಕೊಂಡು ಹೋದ.

ಈ ವ್ಯವಸ್ಥೆಯನ್ನು ಮನೆಯಲ್ಲಿ ಮನಸಾರೆ ಒಪ್ಪಿದವಳು ಅಲೀಮಮ್ಮ ಒಬ್ಬಳೇ. ಮಗ ನೆಂಟನೆಂದು ಓದಿದವರೇ ಹೇಳಿದ ಮೇಲೆ ನೆಂಟನ ಹಾಗೆಯೇ ನೋಡಿಕೊಳ್ಳಬೇಕೆಂದು ಅವಳು ಗಾಜಿನ ಕಪಾಟಿನಿಂದ ಹೂವಿನ ಚಿತ್ರದ ತಟ್ಟೆಗಳನ್ನು ಇಳಿಸಿದಳು. ದಿನವೂ ತುಪ್ಪದ ಪತ್ತಿರ್ ರೊಟ್ಟಿ, ಕೋಳಿ ಸಾರು, ಮೇಲೆ ಖರ್ಜೂರದ ಹಲ್ವ. ನೆಂಟ ಒಬ್ಬನೇ ಕೂತು ತಿನ್ನುವುದು ಚೆಂದವಲ್ಲ ಎಂದು ಜೊತೆಗೆ ತಾನೂ ತಿನ್ನುತ್ತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ ಇತ್ತು.

ನಜ್ಲಾ ಮೊದಲ ವಾರ ನಕ್ಕಳು, ಎರಡನೇ ವಾರ ಸುಮ್ಮನಾದಳು. ಶೈಮಾ ತಂದೆಗಾಗಿ ದೊಡ್ಡ ಹಾಳೆಯಲ್ಲಿ ಮುನ್ನೂರ ಅರವತ್ತೈದು ಚೌಕ ಬರೆದು ಹಾಲಿನ ಗೋಡೆಗೆ ಅಂಟಿಸಿದ್ದಳು. ಊರಿನ ದಿನಕ್ಕೆ ಹಸಿರು, ದುಬೈಯ ದಿನಕ್ಕೆ ಹಳದಿ. ಸಿದ್ದೀಕ್ ಪ್ರತಿ ಸಂಜೆ ಮಗ್ರಿಬ್ ನಮಾಝಿನ ನಂತರ ಒಂದು ಚೌಕಕ್ಕೆ ಬಣ್ಣ ತುಂಬುತ್ತಿದ್ದ.

"ಇವತ್ತಿನ ದಿನವನ್ನು ಎಂತಕ್ಕೆ ಖರ್ಚು ಮಾಡಿದ್ರಿ?" ಎಂದು ನಜ್ಲಾ ಒಂದು ಸಂಜೆ ಕೇಳಿದಳು.

"ಮಧ್ಯಾಹ್ನ ಸ್ವಲ್ಪ ನಿದ್ದೆ ಮಾಡಿದೆ."

"ನಿದ್ದೆಯನ್ನು ದುಬೈಯಲ್ಲಿ ಮಾಡ್ಬಹುದಿತ್ತಲ್ಲ. ಒಂದು ದಿನ ಉಳೀತಿತ್ತು."

ಅವಳು ತಮಾಷೆಗೆ ಹೇಳಿದ್ದು. ಸಿದ್ದೀಕ್‌ಗೆ ಅದು ಸರಿಯೆನಿಸಿತು. ಅಂದಿನಿಂದ ಅವನು ಹಗಲು ನಿದ್ದೆ ಬಿಟ್ಟ.

ಐವತ್ತೇಳು ಚೌಕ ಹಸಿರಾದ ಮೇಲೆ, ಜೂನ್ ಒಂಬತ್ತಕ್ಕೆ ಅವನು ದುಬೈಗೆ ಹೊರಟ. ಶಾಶ್ವತವಾಗಿ ಬಂದವನು ಎರಡೇ ತಿಂಗಳಲ್ಲಿ ಹೊರಟದ್ದನ್ನು ಕಂಡು ಸಂಬಂಧಿಕರು ಏನೋ ಆಗಿದೆ ಎಂದುಕೊಂಡರು. ಒಬ್ಬೊಬ್ಬರಾಗಿ ಬಂದು ಬಾಳೆಕಾಯಿ ಚಿಪ್ಸಿನ ಪೊಟ್ಟಣ ಕೊಟ್ಟು, ನಜ್ಲಾಳನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ವಿಚಾರಿಸಿದರು. ಟ್ಯಾಕ್ಸಿಗೆ ಹೋಗುವುದು ಎಂದು ಅವಳು ಹೇಳಿದಳು. ಹೆಚ್ಚಿನವರು ಅವನು ಅಲ್ಲಿ ಟ್ಯಾಕ್ಸಿ ಓಡಿಸಲು ಹೋಗುತ್ತಿದ್ದಾನೆ ಎಂದು ತಿಳಿದುಕೊಂಡರು. ಮ್ಯಾಕ್ಸಿಮ್ ವಿಮಾನ ನಿಲ್ದಾಣಕ್ಕೆ ಬಿಟ್ಟು, ದುಡ್ಡು ಎಣಿಸಿಕೊಂಡು, "ಮುಂದಿನ ಸಲ ಎಂದು?" ಎಂದು ಕೇಳಿ ಡೈರಿಯಲ್ಲಿ ಬರೆದುಕೊಂಡ.

ದುಬೈಯಲ್ಲಿ ಹಳೆಯ ಕಂಪೆನಿಯ ವೀಸಾ ಮುಗಿಯುವುದರಲ್ಲಿತ್ತು. ಹೊಸದಕ್ಕಾಗಿ ಸಿದ್ದೀಕ್ ತನ್ನ ಹಳೆಯ ಗೆಳೆಯ ಝುಬೈರ್‌ನ ಚಹಾದಂಗಡಿಯಲ್ಲಿ ಪಾಲುದಾರನಾದ. ಕರಾಮದ ಒಂದು ಗಲ್ಲಿಯಲ್ಲಿ ಆರು ಮೇಜಿನ ಅಂಗಡಿ. ಪಾಲಿನ ಹಣ, ವೀಸಾ, ಕಾಗದಪತ್ರ ಎಂದು ಕೈಯಿಂದ ಸಾಕಷ್ಟು ಹೋಯಿತು. ಮಲಗಲಿಕ್ಕೆ ಏಳು ಜನರಿದ್ದ ಕೋಣೆಯಲ್ಲಿ ಒಂದು ಮೇಲಿನ ಮಂಚ ಸಿಕ್ಕಿತು. ಮ್ಯಾನೇಜರನಾಗಿದ್ದಾಗ ಅವನಿಗೆ ಒಬ್ಬನಿಗೇ ಕೋಣೆ ಇತ್ತು.

ಮೊದಲ ಹದಿನೈದು ದಿನ ಅವನು ಅಂಗಡಿಯ ಮೂಲೆಯ ಮೇಜಿನಲ್ಲಿ ನಿವೃತ್ತನಾಗಿ ಕುಳಿತ. ಪೇಪರ್ ಓದಿದ, ರಸ್ತೆ ನೋಡಿದ. ಹದಿನಾರನೇ ದಿನ ಚಹಾ ಮಾಡುವವನು ತಂಗಿಯ ಮದುವೆಗೆಂದು ಕಾಸರಗೋಡಿಗೆ ಹೋದ.

"ಸಿದ್ದೀಕಾಕ, ಒಂದು ವಾರ ಸ್ವಲ್ಪ ನೋಡ್ಕೊಳ್ಳಿ," ಎಂದ ಝುಬೈರ್. "ನೀವು ಪಾರ್ಟ್ನರ್ ಅಲ್ವಾ."

ಚಹಾದವನು ತಿರುಗಿ ಬರಲಿಲ್ಲ. ಸಿದ್ದೀಕ್ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಾಲಿಡತೊಡಗಿದ. ಗೋದಾಮಿಗಿಂತ ಒಂದು ಗಂಟೆ ಮೊದಲು. ಅವನ ಸುಲೈಮಾನಿ ಚಹಾ ಚೆನ್ನಾಗಿದೆ ಎಂದು ಹೆಸರಾಯಿತು. ಜನ ಹೆಚ್ಚಿದರು, ಅಂಗಡಿ ಮುಚ್ಚುವ ಹೊತ್ತು ಮುಂದೆ ಹೋಯಿತು. ಒಂದು ದಿನ ಅವನ ಹಳೆಯ ಕಂಪೆನಿಯ ಲಾರಿ ಡ್ರೈವರ್ ಒಳಗೆ ಬಂದು, ಬನಿಯನ್ ಹಾಕಿಕೊಂಡು ಚಹಾ ಎತ್ತಿ ಹೊಯ್ಯುತ್ತಿದ್ದ ತನ್ನ ಹಳೆಯ ಮ್ಯಾನೇಜರನನ್ನು ಕಂಡು ನಿಂತುಬಿಟ್ಟ.

"ನೀವು ರಿಟೈರ್ ಆದದ್ದಲ್ವಾ ಸರ್?"

"ಹೌದು," ಎಂದ ಸಿದ್ದೀಕ್. "ಇದು ಅದೇ."

ಜುಲೈಯಲ್ಲಿ ದೇಶದ ಬಜೆಟ್ ಬಂತು. ಫಂಡಿನ ಲಾಭದ ಮೇಲಿನ ತೆರಿಗೆ ನೂರಕ್ಕೆ ಹತ್ತು ಇದ್ದದ್ದು ಹನ್ನೆರಡೂವರೆ ಆಯಿತು, ಬಿಟ್ಟುಕೊಡುವ ಒಂದು ಲಕ್ಷ ಒಂದೂಕಾಲು ಲಕ್ಷವಾಯಿತು. ಕೋಣೆಯವರೆಲ್ಲ ಬೈದರು. ಸಿದ್ದೀಕ್‌ಗೆ ಒಳಗೊಳಗೇ ಖುಷಿಯಾಯಿತು, ಏಕೆಂದರೆ ಅವನು ತಪ್ಪಿಸಿಕೊಳ್ಳುತ್ತಿದ್ದ ತೆರಿಗೆ ಈಗ ಇನ್ನೂ ದೊಡ್ಡದಾಗಿತ್ತು.

ಆಗಸ್ಟಿನಲ್ಲಿ ನಜ್ಲಾಳ ಅಕ್ಕನ ಮಗಳ ನಿಕಾಹ್‌ಗೆ ಬಂದು ಇಪ್ಪತ್ತೈದು ದಿನ ಇದ್ದು ಹೋದ. ನವೆಂಬರಿನಲ್ಲಿ, ಯಜ್ಞನಾರಾಯಣರು ಫೋನಿನಲ್ಲಿ ಹೇಳಿದ ದಿನ, ಇಪ್ಪತ್ತೆರಡು ಲಕ್ಷದ ಯೂನಿಟುಗಳನ್ನು ಮಾರಿದ. ಅದರಲ್ಲಿ ಲಾಭ ಸರಿಯಾಗಿ ಹದಿನಾಲ್ಕು ಲಕ್ಷ. ದುಬೈಯ ವಾಸದ ಕಾಗದ ಕೊಟ್ಟದ್ದರಿಂದ ಫಂಡಿನವರು ತೆರಿಗೆಯೆಂದು ಒಂದು ರೂಪಾಯಿಯನ್ನೂ ಹಿಡಿಯಲಿಲ್ಲ. ಸಿದ್ದೀಕ್ ಹಾಲಿನ ಪಾತ್ರೆಯನ್ನು ಇಳಿಸಿಟ್ಟು ಮನೆಗೆ ಫೋನ್ ಮಾಡಿದ.

"ನಜ್ಲಾ, ಸೊನ್ನೆ."

"ಅಲ್ಲಾಹ್, ಹಣ ಬರ್ಲಿಲ್ವಾ?"

"ಹಣ ಬಂತು. ಟ್ಯಾಕ್ಸ್ ಸೊನ್ನೆ."

"ಆಯ್ತು," ಎಂದಳು ನಜ್ಲಾ. "ಆ ಹಣವನ್ನು ಎಂತ ಮಾಡುವುದು?"

ಸಿದ್ದೀಕ್ ಹಾಲಿನ ಪಾತ್ರೆಯನ್ನು ಮತ್ತೆ ಒಲೆಗೆ ಇಟ್ಟ. ಆ ವರ್ಷದ ಖರ್ಚಿಗೆ ಕಂಪೆನಿ ಕೊನೆಯಲ್ಲಿ ಕೊಟ್ಟ ಹಣವೇ ಸಾಕಾಗಿತ್ತು. ಇಪ್ಪತ್ತೆರಡು ಲಕ್ಷ ಬ್ಯಾಂಕಿನಲ್ಲಿ ಸುಮ್ಮನೆ ಕುಳಿತಿತ್ತು. ಆದರೂ ಇಷ್ಟು ಒಳ್ಳೆಯ ಅವಕಾಶ ಇರುವಾಗ ತೆಗೆಯದೆ ಬಿಡುವುದು ಹೇಗೆ?

ಡಿಸೆಂಬರ್ ಇಪ್ಪತ್ತಕ್ಕೆ ಮತ್ತೆ ಊರಿಗೆ ಬಂದಾಗ ಗೋಡೆಯ ಹಾಳೆಯಲ್ಲಿ ಎಂಬತ್ತೆರಡು ಹಸಿರು ಚೌಕಗಳಿದ್ದವು. ಇನ್ನು ತೊಂಬತ್ತೊಂಬತ್ತು ಬಾಕಿ. ಮಾರ್ಚ್ ಹತ್ತಕ್ಕೆ ಹೋಗುವುದು, ಉಳಿದ ದಿನಗಳಲ್ಲಿ ರಂಝಾನಿನ ಪೆರ್ನಾಲ್ ಹಬ್ಬಕ್ಕೆ ಬಂದು ಹೋಗುವುದು ಎಂದು ಗೊತ್ತು ಮಾಡಿಕೊಂಡ. ಅಷ್ಟರೊಳಗೆ ಉಮ್ಮನ ಎಡಗಣ್ಣಿನ ಪೊರೆ ತೆಗೆಸಬೇಕಿತ್ತು.

ಅತ್ತಾವರದ ಆಸ್ಪತ್ರೆಯಲ್ಲಿ ಫೆಬ್ರವರಿಯ ಕೊನೆಗೆ ದಿನ ಸಿಕ್ಕಿತು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಮುನ್ನೂರ ಹತ್ತು. ಡಾಕ್ಟರು ಎರಡು ವಾರ ಬಿಟ್ಟು ಬರಲು ಹೇಳಿದರು. ಎರಡು ವಾರದ ನಂತರ ಇನ್ನೂರ ಎಂಬತ್ತು.

"ಅಜ್ಜಿ ಎಂತ ತಿಂತಾರೆ?" ಎಂದು ಡಾಕ್ಟರು ಕೇಳಿದರು.

"ಮನೆಯಲ್ಲಿ ನೆಂಟರಿದ್ದಾರೆ," ಎಂದಳು ಅಲೀಮಮ್ಮ.

ಡಾಕ್ಟರು ಸಿದ್ದೀಕ್‌ನ ಕಡೆ ನೋಡಿ, "ಅವರನ್ನು ಸ್ವಲ್ಪ ಬೇಗ ಕಳಿಸಿ," ಎಂದರು.

ಹಲ್ವ ನಿಂತಿತು, ಮಾತ್ರೆ ಹೆಚ್ಚಾಯಿತು, ಕೊನೆಗೂ ಮಾರ್ಚ್ ಹತ್ತೊಂಬತ್ತಕ್ಕೆ ಶಸ್ತ್ರಚಿಕಿತ್ಸೆ ನಡೆಯಿತು. ಉಮ್ಮನ ಕಣ್ಣಿಗೆ ಹೊತ್ತುಹೊತ್ತಿಗೆ ಔಷಧಿ ಬಿಟ್ಟು, ಇಪ್ಪತ್ತೇಳಕ್ಕೆ ಮತ್ತೊಮ್ಮೆ ಡಾಕ್ಟರಿಗೆ ತೋರಿಸಿ ಮನೆಗೆ ಬಂದಾಗ ಹಾಳೆಯಲ್ಲಿ ನೂರ ಎಂಬತ್ತು ಚೌಕ ಹಸಿರಾಗಿತ್ತು. ಉಳಿದದ್ದು ಒಂದೇ, ನಾಳೆ ಇಪ್ಪತ್ತೆಂಟು. ನಾಳೆ ದೇಶ ಬಿಡದಿದ್ದರೆ ಇಡೀ ವರ್ಷ ಹಾಳು. ಹಬ್ಬ ಮೂವತ್ತಕ್ಕೋ ಮೂವತ್ತೊಂದಕ್ಕೋ, ಚಂದ್ರ ಕಂಡ ಹಾಗೆ. ಏಪ್ರಿಲ್ ಒಂದಕ್ಕೆ ಹೊಸ ವರ್ಷ, ಹೊಸ ನೂರ ಎಂಬತ್ತೊಂದು ದಿನ.

"ನಾಲ್ಕು ದಿನದ ವಿಷಯ," ಎಂದ ಸಿದ್ದೀಕ್. "ನಾಳೆ ಹೋಗಿ ಒಂದನೇ ತಾರೀಖಿಗೆ ಬರ್ತೇನೆ."

"ಆ ನಾಲ್ಕು ದಿನದಲ್ಲಿ ಪೆರ್ನಾಲ್ ಉಂಟು," ಎಂದಳು ನಜ್ಲಾ.

"ಅಲ್ಲಿಯೂ ಉಂಟು."

"ಅಲ್ಲಿ ಇಪ್ಪತ್ತಾರು ವರ್ಷ ಮಾಡಿದ್ರಲ್ಲ. ಸಾಕಾಗ್ಲಿಲ್ವಾ?"

ಅಲೀಮಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಅಷ್ಟು ಹೊತ್ತಿಗೆ ಅವಳಿಗೂ ಈ ನೆಂಟತನ ಸಾಕಾಗಿತ್ತು.

ಹಬ್ಬದ ಸಮಯ, ಮಂಗಳೂರಿನಿಂದ ಟಿಕೆಟ್ ಸಿಗಲಿಲ್ಲ. ಕಣ್ಣೂರಿನಿಂದ ಮಧ್ಯಾಹ್ನ ಎರಡರ ವಿಮಾನದಲ್ಲಿ ಒಂದು ಸಿಕ್ಕಿತು, ಮಾಮೂಲಿಗಿಂತ ಎರಡು ಪಟ್ಟು ದರಕ್ಕೆ. ಬೆಳಿಗ್ಗೆ ಐದೂವರೆಗೆ ಮ್ಯಾಕ್ಸಿಮ್ ಇನ್ನೋವಾ ತಂದ. ಸಿಟ್ಟಿನಲ್ಲಿದ್ದರೂ ಕಳಿಸಿಕೊಡಲು ಮೂವರು ಹೆಂಗಸರೂ ಹತ್ತಿದರು. ಹೆದ್ದಾರಿಯ ಕಾಮಗಾರಿಯಿಂದ ತಲಪಾಡಿ ದಾಟಿದ ಮೇಲೆ ಅಲ್ಲಲ್ಲಿ ರಸ್ತೆ ಬದಲಿಸಿದ್ದರು. ಕಾಸರಗೋಡಿನ ಬಳಿ ಮುಕ್ಕಾಲು ಗಂಟೆ ನಿಂತರು. ಸಿದ್ದೀಕ್ ರಂಝಾನಿನ ಉಪವಾಸದಲ್ಲಿ ಬೆವರುತ್ತಾ ನಿಮಿಷಕ್ಕೊಮ್ಮೆ ಗಡಿಯಾರ ನೋಡಿದ.

"ಕೇರಳಕ್ಕೆ ಬಂದಾಯ್ತಲ್ಲ ಸಿದ್ದೀಕ್ ಭಾಯ್," ಎಂದ ಮ್ಯಾಕ್ಸಿಮ್. "ಕೇರಳ ಆದ್ರೆ ಸಾಕಾ, ದೇಶವೇ ಬಿಡ್ಬೇಕಾ?"

"ದೇಶವೇ ಬಿಡ್ಬೇಕು."

ಹನ್ನೊಂದೂವರೆಗೆ ತಲುಪಿದರು. ಸಿದ್ದೀಕ್ ಒಳಗೆ ಹೋಗಿ, ಸಾಲಿನಲ್ಲಿ ನಿಂತು, ವಲಸೆ ಅಧಿಕಾರಿಯ ಮುಂದೆ ಪಾಸ್‌ಪೋರ್ಟ್ ಇಟ್ಟ. ದೇಶ ಬಿಟ್ಟದ್ದಕ್ಕೆ ಮೊಹರು ಬಿತ್ತು. ಆ ಶಬ್ದ ಕೇಳಿ ಅವನಿಗೆ ಎಷ್ಟು ಹಗುರವಾಯಿತೆಂದರೆ, ಆಚೆಯ ಕುರ್ಚಿಯಲ್ಲಿ ಕುಳಿತವನು ತಿಂಗಳುಗಳ ನಂತರ ಮೊದಲ ಸಲ ಹಗಲು ನಿದ್ದೆ ಮಾಡಿದ. ಎಚ್ಚರವಾದಾಗ ಮೂರೂವರೆ. ವಿಮಾನದಲ್ಲಿ ಏನೋ ಕೆಟ್ಟಿದೆ, ಸರಿಮಾಡುತ್ತಿದ್ದಾರೆ ಎಂದರು. ನಾಲ್ಕೂವರೆಗೆ ಇವತ್ತು ಹೊರಡುವುದಿಲ್ಲ ಎಂದರು. ಎಲ್ಲರೂ ಸಾಲಾಗಿ ಅದೇ ಅಧಿಕಾರಿಯ ಬಳಿ ಹೋಗಿ 'ಬಿಟ್ಟದ್ದನ್ನು' ರದ್ದು ಮಾಡಿಸಿಕೊಂಡು ಹೊರಗೆ ಹೋಗಬೇಕಿತ್ತು.

ಸಿದ್ದೀಕ್ ಎಲ್ಲರಿಗೂ ದಾರಿ ಬಿಟ್ಟು ಕೊನೆಯವನಾಗಿ ನಿಂತ. ಅಧಿಕಾರಿ ಮಲಯಾಳದಲ್ಲಿ ಪಾಸ್‌ಪೋರ್ಟ್ ಕೊಡಲು ಹೇಳಿದ.

"ಸರ್, ನನ್ನದಕ್ಕೆ ರದ್ದು ಬೇಡ," ಎಂದ ಸಿದ್ದೀಕ್. "ನಾನು ದೇಶ ಬಿಟ್ಟಾಗಿದೆ. ನೀವೇ ಮೊಹರು ಹಾಕಿದ್ದೀರಿ."

"ಹಾಗಾದ್ರೆ ಈಗ ನೀವು ಎಲ್ಲಿದ್ದೀರಿ?"

ಸಿದ್ದೀಕ್ ಸುತ್ತ ನೋಡಿದ. ಗೋಡೆಯಲ್ಲಿ ಕಥಕಳಿಯ ದೊಡ್ಡ ಚಿತ್ರ ಇತ್ತು.

"ನಾಳೆ ಬೆಳಿಗ್ಗೆವರೆಗೆ ಈ ಕುರ್ಚಿಯಲ್ಲೇ ಕೂತಿರ್ತೇನೆ. ಯಾರಿಗೂ ತೊಂದರೆ ಕೊಡುವುದಿಲ್ಲ."

"ಕುರ್ಚಿ ಕಣ್ಣೂರಿನಲ್ಲಿ ಉಂಟಲ್ಲ," ಎಂದ ಅಧಿಕಾರಿ, ಮಗುವಿಗೆ ಹೇಳುವ ಹಾಗೆ. ಆಮೇಲೆ ಮೊದಲ ಮೊಹರಿನ ಮೇಲೆ ಇನ್ನೊಂದು ಮೊಹರು ಒತ್ತಿ, ಸಹಿ ಹಾಕಿ, ತಾರೀಖು ಬರೆದ.

ಹೆಂಗಸರು ದಾರಿಯಲ್ಲಿ ಒಬ್ಬ ನೆಂಟರ ಮನೆಗೆ ಹೋಗಿ ಸಂಜೆ ಹೊರಟು ತಳಿಪ್ಪರಂಬದವರೆಗೆ ಬಂದಿದ್ದರು. ಫೋನ್ ಬಂದದ್ದೇ ಮ್ಯಾಕ್ಸಿಮ್ ಗಾಡಿ ತಿರುಗಿಸಿದ. ಕತ್ತಲಾಗುವ ಹೊತ್ತಿಗೆ ಉಪವಾಸ ಬಿಡಲೆಂದು ಐವರೂ ಒಂದು ಪೆಟ್ರೋಲ್ ಪಂಪಿನ ಬದಿಯಲ್ಲಿ ನಿಂತು, ನೀರು ಕುಡಿದು, ಖರ್ಜೂರ, ಬಾಳೆಹಣ್ಣಿನ ಬಿಸಿ ಬಿಸಿ ಪಳಂಪೊರಿ ತಿಂದರು. ಉಪವಾಸ ಇಲ್ಲದ ಮ್ಯಾಕ್ಸಿಮ್ ಎಲ್ಲರಿಗಿಂತ ಹೆಚ್ಚು ತಿಂದ. ಸಿದ್ದೀಕ್ ಬೆರಳಿನಲ್ಲಿ ಎಣಿಸುತ್ತಿದ್ದ. ಇವತ್ತು ನೂರ ಎಂಬತ್ತೊಂದು. ನಾಳೆ ಬೆಳಕಾದರೆ ನೂರ ಎಂಬತ್ತೆರಡು. ಬೇರೆ ಯಾವ ವಿಮಾನದಲ್ಲೂ ಅಂದು ಜಾಗ ಇರಲಿಲ್ಲ.

"ಎಷ್ಟು ಹೋಗುತ್ತದೆ ಈಗ?" ಎಂದು ನಜ್ಲಾ ಕೇಳಿದಳು.

"ಸೆಸ್ ಸೇರಿ ಒಂದು ಲಕ್ಷ ಅರವತ್ತೈದು ಸಾವಿರದ ಏಳುನೂರ ಐವತ್ತು."

ಅವಳು ಕೈಯೊರೆಸಿಕೊಂಡು, ಶೈಮಾಳ ಹತ್ತಿರ ನೀರಿನ ಬಾಟಲಿ ಕೇಳಿ ಕುಡಿದಳು. "ಕಳೆದ ವರ್ಷದಿಂದ ಟಿಕೆಟು, ವೀಸಾ, ಮ್ಯಾಕ್ಸಿಮಣ್ಣನ ಬಾಡಿಗೆ ಎಲ್ಲ ಎಷ್ಟಾಯ್ತು?"

ಅದನ್ನು ಸಿದ್ದೀಕ್ ಎಣಿಸಿರಲಿಲ್ಲ. ಅದು ತೆರಿಗೆ ಅಲ್ಲವಲ್ಲ.

"ನನ್ನದು ಇವತ್ತಿನದ್ದು ಸೇರಿ ನಲವತ್ತೊಂದು ಸಾವಿರ," ಎಂದ ಮ್ಯಾಕ್ಸಿಮ್, ಸ್ವಲ್ಪ ಸಂಕೋಚದಿಂದ.

ಮೂವತ್ತೊಂದಕ್ಕೆ ಹಬ್ಬವಾಯಿತು. ಸಿದ್ದೀಕ್ ಮನೆಯಲ್ಲೇ ಇದ್ದ. ನಮಾಝಿನಿಂದ ಬಂದವನು ಅಂಗಿ ಬದಲಿಸಲು ಸೂಟ್‌ಕೇಸಿನ ಬಳಿ ಹೋದರೆ ಅದು ಅಲ್ಲಿರಲಿಲ್ಲ. ನಜ್ಲಾ ಅದನ್ನು ಅಟ್ಟಕ್ಕೆ ಹಾಕಿಸಿದ್ದಳು. ಊಟಕ್ಕೆ ಅಲೀಮಮ್ಮ ಅವನಿಗೆ ಸ್ಟೀಲಿನ ತಟ್ಟೆ ಇಟ್ಟು, ನೆಂಟರಿಗೆಲ್ಲ ಬಡಿಸಿದ ನಂತರ ಅವನಿಗೆ ಬಡಿಸಿದಳು. ಅವನ ಪಾಲಿಗೆ ಕೋಳಿಯ ಕುತ್ತಿಗೆ ಬಂತು.

ಜುಲೈಯಲ್ಲಿ ತೆರಿಗೆಯ ಲೆಕ್ಕ ಕೊಡಲು ಮಣ್ಣಗುಡ್ಡಕ್ಕೆ ಹೋಗುವಾಗ ನಜ್ಲಾ ತಾನೂ ಬರುತ್ತೇನೆ ಎಂದಳು. ಯಜ್ಞನಾರಾಯಣರು ಎರಡು ಮೊಹರು ಬಿದ್ದ ಪುಟವನ್ನು ಬಹಳ ಹೊತ್ತು ನೋಡಿದರು. ಮೂವತ್ತು ವರ್ಷದಲ್ಲಿ ಇಂಥದ್ದು ಕಂಡಿಲ್ಲ ಎಂದರು. ಆಮೇಲೆ ಕಂಪ್ಯೂಟರಿನಲ್ಲಿ ಏನೇನೋ ಒತ್ತಿ ಹೇಳಿದರು: "ತೆರಿಗೆ ಒಂದು ಲಕ್ಷ ಇಪ್ಪತ್ತಾರು ಸಾವಿರದ ಏಳುನೂರ ಐವತ್ತು. ತಡವಾದದ್ದಕ್ಕೆ ಇನ್ನೊಂದು ಒಂಬತ್ತು ಸಾವಿರ."

"ಒಂದು ಅರವತ್ತೈದು ಅಲ್ವಾ ಸರ್?" ಎಂದ ಸಿದ್ದೀಕ್.

"ಅದು ಹೊರಗಿನವರಿಗೆ. ನೀವೀಗ ಊರಿನವರಲ್ವಾ? ಬೇರೆ ಆದಾಯ ಇಲ್ಲದಿದ್ರೆ ಊರಲ್ಲಿ ವಾಸ ಇರುವವರಿಗೆ ಮೊದಲ ಮೂರು ಲಕ್ಷಕ್ಕೆ ತೆರಿಗೆ ಇಲ್ಲ. ಅದರ ಮೇಲೆ ಲಾಭಕ್ಕೆ ಒಂದೂಕಾಲು ಲಕ್ಷದ ಬಿಡುಗಡೆ ಬೇರೆ. ಹೊರಗಿನವರಿಗೆ ಆ ಮೂರು ಲಕ್ಷ ಇಲ್ಲ."

ನಜ್ಲಾ ಕುರ್ಚಿಯನ್ನು ಸ್ವಲ್ಪ ಮುಂದೆ ಎಳೆದುಕೊಂಡಳು.

"ಸರ್, ನಮ್ಮ ಮನೆಗೆ ವರ್ಷಕ್ಕೆ ಎಂಟು ಲಕ್ಷ ಸಾಕು. ಅದೂ ಶೈಮಾಳ ಫೀಸ್ ಸೇರಿ. ಇವರು ಮನೆಯಲ್ಲೇ ಇದ್ದು ಎಂಟು ಲಕ್ಷ ಮಾತ್ರ ತೆಗೆದ್ರೆ ಎಷ್ಟು ತೆರಿಗೆ?"

ಯಜ್ಞನಾರಾಯಣರು ಕಾಗದದ ಮೇಲೆ ಬರೆದರು. ಎಂಟು ಲಕ್ಷದಲ್ಲಿ ಅವನು ಕಟ್ಟಿದ ಹಣವೇ ಸುಮಾರು ಮೂರು ಲಕ್ಷ, ಲಾಭ ಐದು ಲಕ್ಷ ಚಿಲ್ಲರೆ. ಈ ವರ್ಷದಿಂದ ಮೂರು ಲಕ್ಷದ ಬದಲು ನಾಲ್ಕು ಲಕ್ಷಕ್ಕೆ ತೆರಿಗೆ ಇಲ್ಲ. ನಾಲ್ಕು, ಮೇಲೆ ಒಂದೂಕಾಲು.

"ತೆರಿಗೆ ಇಲ್ಲ," ಎಂದರು.

"ಏನೂ ಇಲ್ವಾ?"

"ಸೊನ್ನೆ."

ಸಿದ್ದೀಕ್ ನಿಧಾನವಾಗಿ ಕೇಳಿದ, "ಸರ್, ಇದನ್ನು ನೀವು ಮೊದಲೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ದು ಹೆಚ್ಚೆಂದ್ರೆ ಎಷ್ಟು ತೆಗೀಬಹುದು ಅಂತ," ಎಂದರು ಯಜ್ಞನಾರಾಯಣರು. ಅವರಿಗೆ ನಿಜವಾಗಿಯೂ ಬೇಸರವಾದಂತೆ ಕಂಡಿತು. "ನಿಮಗೆ ಎಷ್ಟು ಬೇಕು ಅಂತ ನೀವು ಹೇಳ್ಲಿಲ್ಲ ಮಾರಾಯ್ರೆ. ನನಗೆ ಹೇಗೆ ಗೊತ್ತಾಗ್ಬೇಕು?"

ಸಿದ್ದೀಕ್ ತೆರಿಗೆ ಕಟ್ಟಿದ. ಆ ತಿಂಗಳೇ ದುಬೈಗೆ ಐದು ದಿನದ ಮಟ್ಟಿಗೆ ಹೋಗಿ ಚಹಾದಂಗಡಿಯ ಪಾಲನ್ನು ಝುಬೈರ್‌ಗೇ ಬಿಟ್ಟುಕೊಟ್ಟು ಬಂದ. ಝುಬೈರ್ ಹಣವನ್ನು ಪೂರ್ತಿ ಕೊಟ್ಟ. ನಿಮ್ಮ ಕೈಯ ಚಹಾ ಬೇರೆ ಯಾರಿಗೂ ಬರುವುದಿಲ್ಲ, ಇನ್ನೊಂದು ವರ್ಷ ಇರಿ ಎಂದು ಕೇಳಿಕೊಂಡ. ಆ ಮಾತಿಗೆ ಸಿದ್ದೀಕ್‌ಗೆ ಹೆಮ್ಮೆಯಾಯಿತು, ಆದರೆ ಇರಲಿಲ್ಲ. ಈಗ ಫಂಡಿನಿಂದ ಎಂದು, ಎಷ್ಟು ತೆಗೆಯಬೇಕೆಂದು ನಜ್ಲಾ ಹೇಳುತ್ತಾಳೆ. ಮಣ್ಣಗುಡ್ಡದ ಕಚೇರಿಯಲ್ಲಿ ಪ್ರಶ್ನೆ ಕೇಳುವವಳೂ ಅವಳೇ.

ಈ ಏಪ್ರಿಲಿನಲ್ಲಿ ಇಬ್ಬರೂ ಹೋಗಿ ಹೊಸ ವರ್ಷದ ಲೆಕ್ಕ ಹಾಕಿಸಿಕೊಂಡು ಬಂದರು. ಹತ್ತು ನಿಮಿಷದಲ್ಲಿ ಮುಗಿಯಿತು. ಹಿಂದಿರುಗುವಾಗ ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಹತ್ತಿದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಪಂಪ್‌ವೆಲ್ ದಾಟುವ ಮೊದಲೇ ಸಿದ್ದೀಕ್ ನಜ್ಲಾಳ ಭುಜಕ್ಕೆ ಒರಗಿ ನಿದ್ದೆ ಹೋದ. ಪಡೀಲು ಬಂತು. ಕಂಡಕ್ಟರ್ ಎರಡು ಸಲ ಕೂಗಿದ. ನಜ್ಲಾ ಗಂಡನ ಮುಖ ನೋಡಿ, ಪರ್ಸು ತೆಗೆದು, ಮುಂದೆ ಅಡ್ಯಾರಿನವರೆಗೆ ಇನ್ನೆರಡು ಟಿಕೆಟ್ ಕೊಡು ಎಂದಳು.